ಹೊಸ ಬ್ಲಾಗ್ ತಾಣದ ಲೇಔಟ್: ಎಲ್ಲಿಂದ ಶುರು ಮಾಡೋದು?

ಮಸಿಕುಡಿಕೆ
ನಮಸ್ಕಾರ. ಸ್ವಂತದ್ದೊಂದು ಬ್ಲಾಗ್ ತಾಣ ಮಾಡಲು ಹೊರಟಿದ್ದೇನೆ. ಮುಖ್ಯವಾಗಿ ಹಕ್ಕಿಗಳ ಬಗ್ಗೆ ಬರೆಯುತ್ತೇನೆ, ಫೋಟೋ ಜಾಸ್ತಿ ಇರುತ್ತವೆ. ಜೊತೆಗೆ ಓದಿದ ಪುಸ್ತಕಗಳು, ಆಗಾಗ ಸೈಕಲ್ ರಿಪೇರಿ. ತಾಣ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್ ಅಂತ ತೀರ್ಮಾನ ಆಗಿದೆ. ಅದರ ಮೇಲೆ ಜಗಳ ಬೇಡ, ದಯವಿಟ್ಟು.

ಹಾಳೆಯ ಮೇಲೆ ಮುಖಪುಟ ಬಿಡಿಸಿಕೊಂಡಿದ್ದೇನೆ. ಮೇಲೆ ಲೋಗೋ. ಕೆಳಗೆ ಎಂಟು ಮೆನು. ಅದರ ಕೆಳಗೆ ತಾನಾಗಿ ಓಡುವ ಸ್ಲೈಡರ್, ಐದು ಫೋಟೋ. ಆಮೇಲೆ ಮೂರು ಕಾಲಂ: ಎಡಕ್ಕೆ ಕೆಟಗರಿಗಳು, ನಡುವೆ ಪೋಸ್ಟ್‌ಗಳು, ಬಲಕ್ಕೆ ಟ್ಯಾಗ್‌ಗಳು, ಕ್ಯಾಲೆಂಡರ್, ಎಷ್ಟು ಜನ ಬಂದರು ಅನ್ನುವ ಕೌಂಟರ್. ಹಿನ್ನೆಲೆ ಕಪ್ಪು, ಅಕ್ಷರ ಬೂದು. ಇದಕ್ಕೆ ಹೊಂದುವ ಥೀಮ್ (ಸಿದ್ಧ ವಿನ್ಯಾಸ) ಹುಡುಕುತ್ತಲೇ ಇದ್ದೇನೆ, ಒಂದೂ ಸರಿಹೋಗುತ್ತಿಲ್ಲ.

ಮೊದಲು ಯಾವುದು ಮಾಡಬೇಕು? ಥೀಮಾ, ಲೋಗೋನಾ, ಮೆನುನಾ? ಬರಹಗಳು ಕರಡಿನಲ್ಲಿವೆ, ಒಂದೂ ಹಾಕಿಲ್ಲ.

ಸುಮ್ನೆಬಂದೆ
ಸ್ಲೈಡರ್ ಕಿತ್ತುಹಾಕಿ. ಮಿಕ್ಕಿದ್ದು ಆಮೇಲೆ.

ಹಳೇಬ್ಲಾಗರ್
ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುತ್ತಿದ್ದೀರಿ. ಬೇಜಾರು ಮಾಡ್ಕೋಬೇಡಿ, ಹೊಸದಾಗಿ ಶುರು ಮಾಡುವವರೆಲ್ಲ ಮುಖಪುಟದಿಂದಲೇ ಹೊರಡುತ್ತಾರೆ.

ಓದುಗರು ಹೇಗೆ ಬರುತ್ತಾರೆ ಅಂತ ಸ್ವಲ್ಪ ಯೋಚಿಸಿ. ಯಾರೋ ಗೂಗಲ್‌ನಲ್ಲಿ ಒಂದು ಹಕ್ಕಿಯ ಹೆಸರು ಹುಡುಕುತ್ತಾರೆ. ಇನ್ಯಾರೋ ನಿಮ್ಮ ಪೋಸ್ಟ್‌ನ ಲಿಂಕನ್ನು ವಾಟ್ಸಾಪ್‌ಗೆ ಹಾಕುತ್ತಾರೆ. ಇಬ್ಬರೂ ನೇರವಾಗಿ ಬಂದು ಇಳಿಯುವುದು ಆ ಒಂದು ಪೋಸ್ಟ್‌ನ ಪುಟಕ್ಕೆ. ಮುಖಪುಟ ನೋಡುವುದು ಆ ಪೋಸ್ಟ್ ಹಿಡಿಸಿದ ಮೇಲೆ, ಅದೂ ಎಲ್ಲರೂ ಅಲ್ಲ. ಹಾಗಾಗಿ ಮೊದಲು ವಿನ್ಯಾಸ ಆಗಬೇಕಾದದ್ದು ಪೋಸ್ಟ್ ಪುಟ. ಮುಖಪುಟ ಕೊನೆಗೆ.

ಹೀಗೆ ಮಾಡಿ. ಕರಡುಗಳಲ್ಲಿ ಅತಿ ಉದ್ದದ್ದು, ಅತಿ ಜಾಸ್ತಿ ಫೋಟೋ ಇರುವುದು ಯಾವುದೋ ಅದನ್ನು ತೆಗೆದುಕೊಳ್ಳಿ. ವರ್ಡ್‌ಪ್ರೆಸ್ ಜೊತೆಗೇ ಬರುವ ಥೀಮ್‌ನಲ್ಲಿ ಹಾಕಿ, ಈಗ ಟ್ವೆಂಟಿ ಟ್ವೆಂಟಿ-ಫೈವ್ ಇದೆ, ಅದೇ ಸಾಕು. ಫೋನಿನಲ್ಲಿ ತೆರೆದು ಕೊನೆಯವರೆಗೆ ಓದಿ. ಎಲ್ಲಿ ಕಣ್ಣಿಗೆ ಕಿರಿಕಿರಿ ಆಯಿತು, ಎಲ್ಲಿ ಬೇಜಾರಾಗಿ ಬೇಗ ಸ್ಕ್ರೋಲ್ ಮಾಡಿದಿರಿ, ಮುಗಿದ ಮೇಲೆ ಎಲ್ಲಿಗೆ ಹೋಗಬೇಕು ಅಂತ ತಿಳಿಯಿತಾ? ಇದನ್ನೇ ಪಟ್ಟಿ ಮಾಡಿ. ನಿಮ್ಮ ಡಿಸೈನ್ ಕೆಲಸ ಆ ಪಟ್ಟಿಯೇ.

ಪಿಕ್ಸೆಲ್‌ಪುಟ್ಟ
ಅರ್ಧ ಒಪ್ಪುತ್ತೇನೆ. ಪೋಸ್ಟ್ ಪುಟ ಮೊದಲು, ಸರಿ. ಆದರೆ ಮುಖಪುಟ ಯಾರಿಗೂ ಬೇಡ ಅನ್ನುವ ಹಾಗೆ ಹೇಳಬೇಡಿ. ಒಂದು ಪೋಸ್ಟ್ ಇಷ್ಟವಾದವರು ಲೋಗೋ ಒತ್ತಿ ಮುಖಪುಟಕ್ಕೇ ಬರುವುದು, 'ಇವರು ಯಾರು, ಇನ್ನೇನು ಬರೆದಿದ್ದಾರೆ' ಅಂತ ನೋಡೋಕೆ. ಅವರೇ ಅಲ್ವಾ ಖಾಯಂ ಓದುಗರಾಗುವವರು?

ಸ್ಲೈಡರ್ ಬೇಡ ಅನ್ನುವುದಕ್ಕೆ ಕಾರಣವನ್ನೂ ಹೇಳಿಬಿಡುತ್ತೇನೆ, ಸುಮ್ನೆಬಂದೆ ಅವರು ಸುಮ್ನೆ ಬಂದು ಸುಮ್ನೆ ಹೋದರು. ಪುಟದ ಅತಿ ದೊಡ್ಡ ಭಾಗ ಕಾಣಿಸಿಕೊಳ್ಳಲು 2.5 ಸೆಕೆಂಡಿಗಿಂತ ಜಾಸ್ತಿ ಹಿಡಿಯಬಾರದು ಅನ್ನುವುದು ಗೂಗಲ್ ಇಟ್ಟುಕೊಂಡಿರುವ ಅಳತೆ. ನಿಮ್ಮ ಪುಟದಲ್ಲಿ ಆ ದೊಡ್ಡ ಭಾಗ ಸ್ಲೈಡರ್‌ನ ಮೊದಲ ಫೋಟೋ. ಅದರ ಹಿಂದೆ ಇನ್ನೂ ನಾಲ್ಕು ಫೋಟೋ, ಓಡಿಸುವ ಸ್ಕ್ರಿಪ್ಟ್ ಬೇರೆ. ಓದುಗ ಮೊದಲನೆಯದನ್ನು ನೋಡಿ ಕೆಳಗೆ ಜಾರಿರುತ್ತಾನೆ. ಐದನೆಯದು ಓಡುತ್ತಲೇ ಇರುತ್ತೆ, ನೋಡುವವರಿಲ್ಲ.

ಸುಮ್ನೆಬಂದೆ
ನಾನು ಹೇಳಿದ್ದೂ ಅದೇ. ಎರಡು ಪದದಲ್ಲಿ ಹೇಳಿದೆ.

ರಾತ್ರಿಪಾಳಿ
ಮೂರು ಕಾಲಂ ಬಗ್ಗೆ ಯಾಕೆ ಯಾರೂ ಮಾತಾಡುತ್ತಿಲ್ಲ? ಫೋನಿನಲ್ಲಿ ಮೂರು ಕಾಲಂ ಅನ್ನುವುದೇ ಇಲ್ಲ. ಒಂದರ ಕೆಳಗೊಂದು ಬೀಳುತ್ತವೆ. ಎಡ ಕಾಲಂ ಕೋಡಿನಲ್ಲಿ ಮೊದಲಿದ್ದರೆ ಕೆಟಗರಿಗಳ ಪಟ್ಟಿ ಮೇಲೆ ಕುಳಿತುಕೊಳ್ಳುತ್ತೆ, ಪೋಸ್ಟ್ ಅದರ ಕೆಳಗೆ. ಬಲಗಡೆಯದ್ದು ಪಾತಾಳಕ್ಕೆ ಹೋಗುತ್ತೆ. ಅಲ್ಲಿ ಏನಿಟ್ಟರೂ ಒಂದೇ, ಬಿಟ್ಟರೂ ಒಂದೇ.

ಹಾಳೆಯ ಮೇಲೆ ಬಿಡಿಸುವುದಾದರೆ ಹಾಳೆಯನ್ನು ಉದ್ದಕ್ಕೆ ಮಡಚಿ, ಸಣ್ಣ ಪಟ್ಟಿಯಷ್ಟು ಅಗಲ ಇಟ್ಟುಕೊಳ್ಳಿ. ಅದು ಫೋನ್. ಅದರಲ್ಲಿ ಜಾಗ ಸಿಗದ ವಸ್ತುವಿಗೆ ದೊಡ್ಡ ಪರದೆಯಲ್ಲೂ ಜಾಗ ಬೇಕಾ ಅಂತ ಕೇಳಿಕೊಳ್ಳಿ.

ಮತ್ತೆ, ಕಪ್ಪು ಹಿನ್ನೆಲೆ ಇರಲಿ. ಹಕ್ಕಿ ಫೋಟೋ ಕಪ್ಪಿನ ಮೇಲೆ ಎದ್ದು ಕಾಣುತ್ತೆ.

ಅರ್ಧವಿರಾಮ
ಫೋಟೋ ಎದ್ದು ಕಾಣುತ್ತೆ, ಅಕ್ಷರ ಮಲಗಿಬಿಡುತ್ತೆ. ಉದ್ದ ಬರಹವನ್ನು ಕಪ್ಪಿನ ಮೇಲೆ ಓದೋದು ನನ್ನ ಕಣ್ಣಿಗಂತೂ ಶಿಕ್ಷೆ.

ರಾತ್ರಿಪಾಳಿ
ನಿಮ್ಮ ಕಣ್ಣಿನ ಮೇಲೆ ಇಡೀ ಜಗತ್ತು ನಡೆಯಬೇಕಾ?

ಪಿಕ್ಸೆಲ್‌ಪುಟ್ಟ
ಇಬ್ಬರೂ ತಾಳಿ. ಅಳತೆ ಇದೆ. ವೆಬ್ ಪುಟ ಎಲ್ಲರಿಗೂ ಓದಲು ಬರಬೇಕು ಅನ್ನುವ ಡಬ್ಲ್ಯೂಸಿಎಜಿ ಮಾರ್ಗಸೂಚಿ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ (ಬೆಳಕಿನ ವ್ಯತ್ಯಾಸ) ಇರಬೇಕು, ದೊಡ್ಡ ಹೆಡಿಂಗ್‌ಗೆ 3:1 ಸಾಕು. ಕಪ್ಪಿನ ಮೇಲೆ ತಿಳಿ ಬೂದು ಆರಾಮಾಗಿ ಪಾಸಾಗುತ್ತೆ. ಗಾಢ ಬೂದು ಫೇಲ್. ಮಸಿಕುಡಿಕೆಯವರೇ, ನಿಮ್ಮ ಬೂದು ಯಾವುದು ಅಂತ ಯಾವುದಾದರೂ ಕಾಂಟ್ರಾಸ್ಟ್ ಚೆಕರ್‌ನಲ್ಲಿ ಹಾಕಿ ನೋಡಿ. ಇನ್ನು ಕಪ್ಪೋ ಬಿಳಿಯೋ ಅನ್ನುವುದನ್ನು ಓದುಗರ ಫೋನಿನ ಸೆಟ್ಟಿಂಗ್‌ಗೇ ಬಿಡಬಹುದು, ಪುಟದ ರೂಪ ಹೇಳುವ ಸಿಎಸ್‌ಎಸ್ ಕೋಡಿನಲ್ಲಿ ಅದಕ್ಕೆ ವ್ಯವಸ್ಥೆ ಇದೆ. ಆದರೆ ಅದು ಎರಡು ಸಲ ಬಣ್ಣ ಹೊಂದಿಸುವ ಕೆಲಸ. ಶುರುವಿಗೆ ಬೇಡ.

ಒತ್ತಕ್ಷರ
ನೀವೆಲ್ಲ ಅಗಲ ಬಣ್ಣ ಅಂತ ಕಾದಾಡುತ್ತಿದ್ದೀರಿ. ಕನ್ನಡದಲ್ಲಿ ಬರೆಯುವ ತಾಣಕ್ಕೆ ನಿಜವಾದ ತೊಂದರೆ ಬೇರೆ ಕಡೆ ಇದೆ. ಹೆಚ್ಚಿನ ಥೀಮ್‌ಗಳನ್ನು ಇಂಗ್ಲಿಷ್ ಅಕ್ಷರ ತಲೆಯಲ್ಲಿಟ್ಟುಕೊಂಡು ಮಾಡಿರುತ್ತಾರೆ. ಡೆಮೋದಲ್ಲಿ ಸೊಗಸಾಗಿ ಕಂಡದ್ದು ಕನ್ನಡ ಹಾಕಿದ ತಕ್ಷಣ ಕೆಡುವುದು ಅದಕ್ಕೇ. ಮಸಿಕುಡಿಕೆಯವರಿಗೆ ಒಂದೂ ಥೀಮ್ ಸರಿಹೋಗದಿರುವುದಕ್ಕೂ ಬಹುಶಃ ಇದೇ ಕಾರಣ.

ಒಂದು ಪರೀಕ್ಷೆ ಮಾಡಿ. ಎರಡು ಸಾಲಿಗೆ ಹರಿಯುವಂಥ ಹೆಡಿಂಗ್ ಕೊಡಿ. ಮೇಲಿನ ಸಾಲಿನಲ್ಲಿ 'ರಾಷ್ಟ್ರಪಕ್ಷಿ' ಇರಲಿ, ಕೆಳಗಿನ ಸಾಲಿನಲ್ಲಿ 'ಗಿಳಿವಿಂಡು' ಇರಲಿ. ಥೀಮ್‌ಗಳು ಹೆಡಿಂಗ್‌ಗೆ ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.1, 1.2 ಪಟ್ಟು ಅಂತ ಇಟ್ಟಿರುತ್ತವೆ. 'ಷ್ಟ್ರ'ದ ಒತ್ತುಗಳು ಕೆಳಗಿಳಿದು 'ಗಿ', 'ಳಿ'ಗಳ ಗುಡಿಸಿಗೆ ತಾಗುತ್ತವೆ. ಹೆಡಿಂಗ್‌ಗೆ 1.5, ಬರಹಕ್ಕೆ 1.7 ರಿಂದ 1.8 ಇಟ್ಟರೆ ಉಸಿರಾಡುತ್ತೆ. ಅಕ್ಷರದ ಗಾತ್ರವೂ ಬ್ರೌಸರ್‌ನ ಮಾಮೂಲಿ 16 ಪಿಕ್ಸೆಲ್ ಬೇಡ, 18 ಮಾಡಿ. ಒತ್ತುಗಳು ಚಿಕ್ಕದಾಗಿರುತ್ತವೆ, ಅವು ಓದಲು ಸಿಗಬೇಕು.

ಎರಡನೆಯದು ಇಟಾಲಿಕ್. ಕನ್ನಡ ಫಾಂಟ್‌ಗಳಲ್ಲಿ ಸಾಮಾನ್ಯವಾಗಿ ಇಟಾಲಿಕ್ ರೂಪ ಇರುವುದಿಲ್ಲ. ಥೀಮ್ ಕೇಳಿತು ಅಂತ ಬ್ರೌಸರ್ ನೆಟ್ಟಗಿನ ಅಕ್ಷರವನ್ನೇ ಬಗ್ಗಿಸಿ ತೋರಿಸುತ್ತೆ. ಪುಸ್ತಕದಿಂದ ನಾಲ್ಕು ಸಾಲು ಉದ್ಧರಿಸಿದಿರೋ, ಎಲ್ಲ ಜಾರಿ ಬೀಳುವ ಹಾಗೆ ಕಾಣುತ್ತೆ. ಉದ್ಧರಣೆಗೆ ಇಟಾಲಿಕ್ ತೆಗೆದು ಎಡಕ್ಕೊಂದು ಗೆರೆ ಎಳೆಯಿರಿ.

ಇನ್ನು ಕ್ಯಾಪಿಟಲ್ ಅಕ್ಷರ. ಎಷ್ಟೋ ಥೀಮ್‌ಗಳಲ್ಲಿ ಮೆನುವಿಗೂ ಬರಹಕ್ಕೂ ವ್ಯತ್ಯಾಸ ತೋರಿಸುವುದು ಕ್ಯಾಪಿಟಲ್ ಅಕ್ಷರ ಮತ್ತು ಅಕ್ಷರಗಳ ನಡುವಿನ ಬಿಡುವು. ನಮ್ಮಲ್ಲಿ ಕ್ಯಾಪಿಟಲ್ಲೇ ಇಲ್ಲ. ಉಳಿಯುವುದು ಬರೀ ಬಿಡುವು, ಪದ ಚದುರಿ ಓದಲಾಗದ ಹಾಗೆ ಆಗುತ್ತೆ. ಆ ಬಿಡುವನ್ನು ಸೊನ್ನೆ ಮಾಡಿ, ಮೆನುವಿಗೆ ದಪ್ಪ ಅಥವಾ ಬಣ್ಣದಿಂದ ವ್ಯತ್ಯಾಸ ಕೊಡಿ. ಎರಡೂ ಅಂಚು ಸಮ ಮಾಡುವ ಜಸ್ಟಿಫೈ ಕೂಡ ಬೇಡ. ನಮ್ಮ ಪದಗಳು ಉದ್ದ, ಫೋನಿನ ಸಾಲಿನಲ್ಲಿ ಮೂರು ನಾಲ್ಕು ಪದ ಹಿಡಿದರೆ ಹೆಚ್ಚು. ನಡುವೆ ಬಾವಿ ಬಾವಿ ಬೀಳುತ್ತೆ.

ಮಸಿಕುಡಿಕೆ
ಅಯ್ಯೋ, ಹೆಡಿಂಗ್ ತಾಗುವುದನ್ನು ಈಗಷ್ಟೇ ಹಾಕಿ ನೋಡಿದೆ. ನಿಜ! ಹಾಗಾದರೆ ಯಾವ ಫಾಂಟ್ ಒಳ್ಳೆಯದು?

ಒತ್ತಕ್ಷರ
ಬರಹಕ್ಕೆ ನೋಟೋ ಸಾನ್ಸ್ ಕನ್ನಡ ಅಥವಾ ನೋಟೋ ಸೆರಿಫ್ ಕನ್ನಡ. ಪುಸ್ತಕದ ಕಳೆ ಬೇಕಿದ್ದರೆ ತಿರೋ ಕನ್ನಡ. ಅನೇಕ್ ಕನ್ನಡದಲ್ಲಿ ತೆಳು, ದಪ್ಪ, ಅಗಲ ಎಲ್ಲ ಒಂದೇ ಕುಟುಂಬದಲ್ಲಿ ಸಿಗುತ್ತೆ. ಬಲೂ ತಮ್ಮ ಹೆಡಿಂಗ್‌ಗೆ ಚೆಂದ, ಪ್ಯಾರಾಗೆ ಹಾಕಿದರೆ ಕೂಗಾಡಿದ ಹಾಗಿರುತ್ತೆ. ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಇವೆ. ಒಂದು, ಜಾಸ್ತಿ ಅಂದರೆ ಎರಡು. ಕನ್ನಡ ಫಾಂಟಿನಲ್ಲಿ ಒತ್ತು, ಗುಣಿತ ಎಲ್ಲ ಸೇರಿ ಆಕಾರಗಳು ತುಂಬಾ, ಫೈಲೂ ದಪ್ಪ.

ಗುಬ್ಬಿಗೂಡು
ಕರಡುಗಳು, ಆ ಫಾಂಟ್ ಇದ್ದರೆ ಮಾತ್ರ ಕನ್ನಡ ಕಾಣುವ ಹಳೆಯ ಆಸ್ಕಿ ಫಾಂಟ್‌ನಲ್ಲಿ ಇಲ್ಲ ತಾನೇ? ಇದ್ದರೆ ಮೊದಲು ಎಲ್ಲ ಕಡೆ ನಡೆಯುವ ಯುನಿಕೋಡ್‌ಗೆ ಬದಲಿಸಿಕೊಳ್ಳಿ. ಇಲ್ಲದಿದ್ದರೆ ಹುಡುಕಾಟದಲ್ಲಿ ಸಿಗಲ್ಲ, ಫೋನಿನಲ್ಲಿ ಚಿತ್ರವಿಚಿತ್ರ ಚಿಹ್ನೆ ಕಾಣುತ್ತೆ.

ಮಸಿಕುಡಿಕೆ
ಎಲ್ಲ ಯುನಿಕೋಡೇ.

ಅರ್ಧವಿರಾಮ
ಯಾರೂ ಹೇಳದ್ದು ಒಂದಿದೆ: ಪೋಸ್ಟ್‌ನ ವಿಳಾಸ. ಥೀಮ್ ನಾಳೆ ಬದಲಿಸಬಹುದು, ಬಣ್ಣ ನಾಡಿದ್ದು ಬದಲಿಸಬಹುದು. ಲಿಂಕ್ ಒಂದು ಸಲ ಹಂಚಿಹೋದ ಮೇಲೆ ಅದನ್ನು ಬದಲಿಸುವುದೇ ತಲೆನೋವು. ಹಾಗಾಗಿ ಮೊದಲ ಪೋಸ್ಟ್ ಹಾಕುವ ಮುಂಚೆ ಪರ್ಮಾಲಿಂಕ್ (ವಿಳಾಸದ ಮಾದರಿ) ಸೆಟ್ಟಿಂಗ್‌ಗೆ ಹೋಗಿ 'ಪೋಸ್ಟ್ ನೇಮ್' ಅನ್ನುವುದನ್ನು ಆರಿಸಿ.

ಈಗ ಮಜಾ ನೋಡಿ. ಶೀರ್ಷಿಕೆ ಕನ್ನಡದಲ್ಲಿದ್ದರೆ ವರ್ಡ್‌ಪ್ರೆಸ್ ವಿಳಾಸವನ್ನೂ ಕನ್ನಡದಲ್ಲೇ ಮಾಡುತ್ತೆ. ಆದರೆ ಒಳಗೆ ಇಟ್ಟುಕೊಳ್ಳುವುದು ಪರ್ಸೆಂಟ್ ಚಿಹ್ನೆಗಳ ಸಾಲಾಗಿ. ಯುನಿಕೋಡ್‌ನ ಒಂದು ಕನ್ನಡ ಸಂಕೇತಕ್ಕೆ 3 ಬೈಟ್, ಒಂದು ಬೈಟ್‌ಗೆ 3 ಚಿಹ್ನೆ, ಒಟ್ಟು 9. 'ರಾಷ್ಟ್ರ' ಕಣ್ಣಿಗೆ ಎರಡೇ ಅಕ್ಷರ. ಒಳಗೆ ರ, ದೀರ್ಘ, ಷ, ವಿರಾಮ, ಟ, ವಿರಾಮ, ರ ಅಂತ 7 ಸಂಕೇತ. ಅಂದರೆ 63 ಜಾಗ ಹೋಯಿತು! ವರ್ಡ್‌ಪ್ರೆಸ್ ಕೊಡುವುದು ಒಟ್ಟು 200. ಸುಮಾರು 22 ಸಂಕೇತ ಆದ ಮೇಲೆ ವಿಳಾಸ ಅಲ್ಲೇ ಕತ್ತರಿಸಿ ಬೀಳುತ್ತೆ.

ಹಳೇಬ್ಲಾಗರ್
ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಬರೆದರೆ ಮುಗೀತಲ್ಲ. ಎರಡು ಮೂರು ಪದ.

ಒತ್ತಕ್ಷರ
ಯಾಕೆ? ಕನ್ನಡ ವಿಕಿಪೀಡಿಯದ ವಿಳಾಸಗಳೆಲ್ಲ ಕನ್ನಡದಲ್ಲೇ ಇವೆ. ಬ್ರೌಸರ್‌ನಲ್ಲಿ ಚೆನ್ನಾಗಿ ಕನ್ನಡವಾಗೇ ಕಾಣುತ್ತೆ.

ಹಳೇಬ್ಲಾಗರ್
ಬ್ರೌಸರ್‌ನಲ್ಲಿ ಕಾಣುತ್ತೆ. ಅದನ್ನೇ ಕಾಪಿ ಮಾಡಿ ಯಾರಿಗಾದರೂ ಕಳಿಸಿ ನೋಡಿ. ಅರ್ಧ ಪುಟ ಪರ್ಸೆಂಟ್ ಚಿಹ್ನೆ. ಕಳಿಸಿಕೊಂಡವರು ಇದೇನೋ ವೈರಸ್ ಅಂತ ಒತ್ತುವುದೇ ಇಲ್ಲ.

ಅರ್ಧವಿರಾಮ
ಯಾವುದಾದರೂ ಇರಲಿ, ಚಿಕ್ಕದಿರಲಿ, ಮತ್ತು ಎಲ್ಲ ಪೋಸ್ಟ್‌ಗೂ ಒಂದೇ ಪದ್ಧತಿ ಇರಲಿ. ಒಂದು ಪೋಸ್ಟ್‌ನ ವಿಳಾಸದಲ್ಲಿರುವ ಹೆಸರು ಬದಲಿಸಿದರೆ ವರ್ಡ್‌ಪ್ರೆಸ್ ಹಳೆಯದನ್ನು ನೆನಪಿಟ್ಟು ಹೊಸದಕ್ಕೆ ಕಳಿಸುತ್ತೆ. ಇಡೀ ತಾಣದ ವಿಳಾಸದ ಕ್ರಮ ಬದಲಿಸಿದಾಗ ಮಾತ್ರ ಅದನ್ನು ನಂಬಿ ಕೂರಬೇಡಿ, ಹಳೆಯ ವಿಳಾಸದಿಂದ ಹೊಸದಕ್ಕೆ ಕಳಿಸುವ 301 ರೀಡೈರೆಕ್ಟ್ ನಾವೇ ಹಾಕಬೇಕು.

ಸುಮ್ನೆಬಂದೆ
ಗೂಗಲ್‌ನ ಬ್ಲಾಗರ್ ಸೇವೆಯಲ್ಲಿ ಇಷ್ಟೆಲ್ಲ ರಾಮಾಯಣ ಇಲ್ಲ. 1999ರಿಂದ ನಡೀತಿದೆ. ಬಿಟ್ಟಿ ಬೇರೆ.

ಪಿಕ್ಸೆಲ್‌ಪುಟ್ಟ
ಬಂತು ನೋಡಿ! ಜಗಳ ಬೇಡ ಅಂತ ಮೊದಲೇ ಹೇಳಿದ್ದರು.

ಸುಮ್ನೆಬಂದೆ
ಜಗಳ ಅಲ್ಲ, ಇತಿಹಾಸ. 2003ರಲ್ಲಿ ಗೂಗಲ್ ಬ್ಲಾಗರನ್ನು ಕೊಂಡುಕೊಂಡಿತು, ಅದೇ ವರ್ಷ ವರ್ಡ್‌ಪ್ರೆಸ್‌ನ ಮೊದಲ ಆವೃತ್ತಿ ಬಂತು. ಅವತ್ತಿನಿಂದ ಈ ಜಗಳ ಇದೆ.

ಗುಬ್ಬಿಗೂಡು
ಫೋಟೋ ಬಗ್ಗೆ ನಾನು ಹೇಳುತ್ತೇನೆ, ನಾನೂ ಹಕ್ಕಿ ಹಿಂದೆ ಅಲೆಯುವವಳು.

ಕ್ಯಾಮೆರಾದಿಂದ ಬರುವ ಫೋಟೋ 4000, 6000 ಪಿಕ್ಸೆಲ್ ಅಗಲ ಇರುತ್ತೆ. ನಿಮ್ಮ ಬರಹದ ಕಾಲಂ 700 ಇದ್ದರೆ ಹೆಚ್ಚು. ವರ್ಡ್‌ಪ್ರೆಸ್ 2019ರಿಂದ 2560ಕ್ಕಿಂತ ದೊಡ್ಡದನ್ನು ತಾನೇ ಚಿಕ್ಕದು ಮಾಡಿಕೊಳ್ಳುತ್ತೆ, ಆದರೆ ಮೂಲ ಫೈಲ್ ಸರ್ವರ್‌ನಲ್ಲಿ ಕೂತೇ ಇರುತ್ತೆ. ಹಾಕುವ ಮುಂಚೆ 1600ಕ್ಕೆ ಇಳಿಸಿ, ವೆಬ್‌ಪಿ ಅನ್ನುವ ಫೈಲ್ ಮಾದರಿಗೆ ಬದಲಿಸಿಕೊಂಡರೆ ಇನ್ನೂ ಹಗುರ.

ಎಲ್ಲ ಮುಖ್ಯ ಚಿತ್ರಗಳಿಗೂ ಒಂದೇ ಅನುಪಾತ ಇರಲಿ, 3:2 ಅಂತ ಇಟ್ಟುಕೊಳ್ಳಿ. ಪಟ್ಟಿಯಲ್ಲಿ ಥೀಮ್ ಚೌಕವಾಗಿ ಕತ್ತರಿಸುತ್ತಾ ಅಂತ ನೋಡಿ. ನಾವು ಹಕ್ಕಿಯನ್ನು ಯಾವತ್ತೂ ನಡುವೆ ಇಡುವುದಿಲ್ಲ, ಅದು ನೋಡುವ ಕಡೆ ಜಾಗ ಬಿಟ್ಟಿರುತ್ತೇವೆ. ಥೀಮ್ ನಡುಭಾಗ ಮಾತ್ರ ಉಳಿಸಿಕೊಳ್ಳುತ್ತೆ. ಮುಖಪುಟ ತುಂಬಾ ಬಾಲ, ಕೊಂಬೆ, ತಲೆ ಇಲ್ಲದ ಹಕ್ಕಿಗಳು!

ಇನ್ನೊಂದು, ಇದು ಲೇಔಟ್ ಅಲ್ಲ, ಆದರೂ ಹೇಳಲೇಬೇಕು. ಫೋಟೋ ಫೈಲಿನ ಒಳಗೆ ತೆಗೆದ ಜಾಗದ ಜಿಪಿಎಸ್ ಇರಬಹುದು. ವರ್ಡ್‌ಪ್ರೆಸ್ ಕೊಡುವ ಗೌಪ್ಯತಾ ನೀತಿಯ ಮಾದರಿಯಲ್ಲೇ ಈ ಎಚ್ಚರಿಕೆ ಇದೆ: ಫೋಟೋ ಇಳಿಸಿಕೊಂಡ ಯಾರು ಬೇಕಾದರೂ ಅದನ್ನು ನೋಡಬಹುದು. ಗೂಡಿನ ಫೋಟೋ ಹಾಕಿದರೆ ಗೂಡಿನ ವಿಳಾಸವನ್ನೇ ಹಂಚಿದಂತೆ. ಲೊಕೇಶನ್ ಅಳಿಸಿಯೇ ಹಾಕಿ.

ರಾತ್ರಿಪಾಳಿ
ಗೂಡಿನ ಫೋಟೋನೇ ಹಾಕಬಾರದು ಅನ್ನುವವರೂ ಇದ್ದಾರೆ.

ಗುಬ್ಬಿಗೂಡು
ನಾನೂ ಅದೇ ಪಕ್ಷ. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಬೇಡ.

ಹಳೇಬ್ಲಾಗರ್
ಚಿತ್ರಕ್ಕೆ ಆಲ್ಟ್ ಪಠ್ಯ ಬರೆಯೋದು ಮರೀಬೇಡಿ. 'ಫೋಟೋ 1' ಅಂತಲ್ಲ, 'ತಂತಿಯ ಮೇಲೆ ಕೂತ ಕಾಜಾಣ, ಕವಲೊಡೆದ ಬಾಲ' ಅಂತ. ಕಣ್ಣು ಕಾಣದವರಿಗೆ ಸ್ಕ್ರೀನ್ ರೀಡರ್ ಓದಿ ಹೇಳುವುದು ಅದನ್ನೇ. ತಾಣದ ಭಾಷೆಯನ್ನೂ ಸೆಟ್ಟಿಂಗ್‌ನಲ್ಲಿ ಕನ್ನಡ ಅಂತ ಇಡಿ. ಇಂಗ್ಲಿಷ್ ಅಂತ ಬಿಟ್ಟರೆ ಅದು ಇಂಗ್ಲಿಷ್ ದನಿಯಲ್ಲಿ ಕನ್ನಡ ಓದಲು ಹೋಗಿ ಒದ್ದಾಡುತ್ತೆ.

ಮಸಿಕುಡಿಕೆ
ತಲೆ ಬಿಸಿಯಾದರೂ ದಾರಿ ಕಾಣುತ್ತಿದೆ. ಮೆನು ಬಗ್ಗೆ ಹೇಳಿ. ಎಂಟು ಇಟ್ಟದ್ದು ಹೀಗೆ: ಮುಖಪುಟ, ಹಕ್ಕಿಗಳು, ನೀರಹಕ್ಕಿಗಳು, ವಲಸೆ ಹಕ್ಕಿಗಳು, ಪುಸ್ತಕ, ಸೈಕಲ್, ಇತರೆ, ನನ್ನ ಬಗ್ಗೆ.

ಪಿಕ್ಸೆಲ್‌ಪುಟ್ಟ
ಮುಖಪುಟ ತೆಗೆಯಿರಿ, ಲೋಗೋ ಆ ಕೆಲಸ ಮಾಡುತ್ತೆ. ನೀರಹಕ್ಕಿ, ವಲಸೆ ಹಕ್ಕಿ ಎರಡೂ ಟ್ಯಾಗ್ ಆಗಲಿ. ಒಂದೇ ಹಕ್ಕಿ ಎರಡೂ ಆಗಿರಬಹುದಲ್ಲ, ಪಟ್ಟೆತಲೆ ಹೆಬ್ಬಾತಿನ ಹಾಗೆ. ಅದನ್ನು ಯಾವ ಮೆನುವಿನ ಕೆಳಗೆ ಹಾಕುತ್ತೀರಿ? ಒಂದು ಪೋಸ್ಟ್‌ಗೆ ಒಂದೇ ಕೆಟಗರಿ, ಟ್ಯಾಗ್ ಎಷ್ಟಾದರೂ ಇರಲಿ. ಇದು ನನ್ನ ಪದ್ಧತಿ, ವರ್ಡ್‌ಪ್ರೆಸ್‌ನ ನಿಯಮ ಅಲ್ಲ.

'ಇತರೆ' ಅನ್ನುವುದನ್ನು ಯಾರೂ ಒತ್ತುವುದಿಲ್ಲ. ಹಕ್ಕಿ, ಪುಸ್ತಕ, ಸೈಕಲ್, ನನ್ನ ಬಗ್ಗೆ. ನಾಲ್ಕೇ.

ಅರ್ಧವಿರಾಮ
ಸೈಕಲ್ ಕೂಡ ಬೇಡ ಅನ್ನುತ್ತೇನೆ. ಒಂದೇ ಒಂದು ಪೋಸ್ಟ್ ಇರುವ ಕೆಟಗರಿ ಮೆನುವಿಗೆ ಬರಬಾರದು. ಐದಾರು ಬರಹ ಆದ ಮೇಲೆ ಸೇರಿಸಿ.

ರಾತ್ರಿಪಾಳಿ
ಸೈಕಲ್ ಬೇಕು. ಹಕ್ಕಿ ಬ್ಲಾಗ್ ಬೇಕಾದಷ್ಟಿವೆ. ಹಕ್ಕಿ ನೋಡೋಕೆ ಸೈಕಲ್‌ನಲ್ಲಿ ಹೋಗಿ, ಅದು ಕೆಟ್ಟು, ಅಲ್ಲೇ ರಿಪೇರಿ ಮಾಡಿಕೊಳ್ಳುವವರ ಬ್ಲಾಗ್ ಅಂದರೆ ನಾನು ಓದುತ್ತೇನೆ.

ಮಸಿಕುಡಿಕೆ
ಹ್ಹಹ್ಹ, ಸರಿಯಾಗಿ ಹಿಡಿದಿರಿ. ಕೌಂಟರ್ ಬಗ್ಗೆ ಯಾರೂ ಬೈದಿಲ್ಲ. ಇಟ್ಟುಕೊಳ್ಳಲಾ?

ಸುಮ್ನೆಬಂದೆ
ಬೈಯೋಕೆ ಇಷ್ಟು ಹೊತ್ತು ಕಾಯುತ್ತಿದ್ದೆ. ತೆಗೀರಿ.

ಹಳೇಬ್ಲಾಗರ್
ಶುರುವಿನಲ್ಲಿ ಅದು ತೋರಿಸುವ ಸಂಖ್ಯೆ ನೋಡಿ ಬೇಜಾರಾಗುವುದು ನಿಮಗೇ. ಲೆಕ್ಕ ಬೇಕಿದ್ದರೆ ಒಳಗಿನಿಂದ ನೋಡಿಕೊಳ್ಳಿ. ಕ್ಯಾಲೆಂಡರ್ ಕೂಡ ತೆಗೆಯಿರಿ, ಬರೆಯದ ತಿಂಗಳುಗಳನ್ನು ಅದು ಊರಿಗೆಲ್ಲ ಸಾರುತ್ತೆ.

ಬದಲಿಗೆ ಆರ್‌ಎಸ್‌ಎಸ್ (ಹೊಸ ಪೋಸ್ಟ್‌ಗಳನ್ನು ಓದುಗರ ಆ್ಯಪ್‌ಗೆ ತಲುಪಿಸುವ ಫೀಡ್) ಲಿಂಕ್ ಫೂಟರ್‌ನಲ್ಲಿ, ಅಂದರೆ ಪುಟದ ತಳದಲ್ಲಿ, ಇಡಿ. 2013ರ ಜುಲೈನಲ್ಲಿ ಅಂಥ ಫೀಡ್ ಓದುವ ಗೂಗಲ್ ರೀಡರ್ ಮುಚ್ಚಿದಾಗ ಆರ್‌ಎಸ್‌ಎಸ್ ಸತ್ತೇಹೋಯಿತು ಅಂದವರೇ ಜಾಸ್ತಿ. ನಾನಂತೂ ಇವತ್ತಿಗೂ ಬ್ಲಾಗ್ ಓದುವುದು ಅದರಲ್ಲೇ. ವರ್ಡ್‌ಪ್ರೆಸ್‌ನಲ್ಲಿ ಫೀಡ್ ತಾನಾಗೇ ಇರುತ್ತೆ, ನೀವು ಲಿಂಕ್ ತೋರಿಸಿದರೆ ಸಾಕು.

ಮಸಿಕುಡಿಕೆ
ಹೊಸ ಪಟ್ಟಿ ಹೀಗಿದೆ, ನೋಡಿ ಹೇಳಿ. ಪೋಸ್ಟ್ ಪುಟ ಮೊದಲು: ಶೀರ್ಷಿಕೆ, ದಿನಾಂಕ, ಒಂದು ಚಿತ್ರ, ಬರಹ, ಕೊನೆಗೆ ನಾನು ಯಾರು ಅಂತ ಎರಡು ಸಾಲು, ಇದೇ ವಿಷಯದ ಇನ್ನೆರಡು ಪೋಸ್ಟ್‌ಗಳು, ಕಾಮೆಂಟ್. ಒಂದೇ ಕಾಲಂ. ಹಿನ್ನೆಲೆ ಬಿಳಿ (ರಾತ್ರಿಪಾಳಿಯವರು ಕ್ಷಮಿಸಬೇಕು). ನೋಟೋ ಸೆರಿಫ್ ಕನ್ನಡ. ಮೆನು ನಾಲ್ಕು, ಸೈಕಲ್ ಸೇರಿ. ಲೋಗೋ ಬದಲು ಹೆಸರನ್ನೇ ದಪ್ಪ ಅಕ್ಷರದಲ್ಲಿ. ಮುಖಪುಟದಲ್ಲಿ ಬರೀ ಪೋಸ್ಟ್‌ಗಳ ಪಟ್ಟಿ.

ಪಟ್ಟಿಯಲ್ಲಿ ಪೂರ್ತಿ ಬರಹ ತೋರಿಸಲೋ, ನಾಲ್ಕು ಸಾಲು ತೋರಿಸಿ 'ಮುಂದೆ ಓದಿ' ಅನ್ನಲೋ?

ರಾತ್ರಿಪಾಳಿ
ಕ್ಷಮಿಸುವುದಿಲ್ಲ. ನಾಲ್ಕು ಸಾಲು.

ಅರ್ಧವಿರಾಮ
ನಾಲ್ಕು ಸಾಲು, ಆದರೆ ಕೈಯಾರೆ ಬರೆದದ್ದು. ಬಿಟ್ಟರೆ ವರ್ಡ್‌ಪ್ರೆಸ್ ಮೊದಲ 55 ಪದ ಎತ್ತಿಕೊಳ್ಳುತ್ತೆ. ಕನ್ನಡದ 55 ಪದ ಫೋನಿನಲ್ಲಿ ಒಂದು ಪರದೆ ತುಂಬುತ್ತೆ, ಕೊನೆಯ ವಾಕ್ಯ ಬೇರೆ ಅರ್ಧಕ್ಕೆ ನಿಂತಿರುತ್ತೆ. ಎಡಿಟರ್‌ನಲ್ಲಿ ಸಾರಾಂಶದ ಪೆಟ್ಟಿಗೆ ಇದೆ. ಅದರಲ್ಲಿ ಎರಡು ವಾಕ್ಯ ಬರೆಯಿರಿ. ಹಂಚಿದ ಲಿಂಕ್‌ನ ಕೆಳಗೂ ಎಷ್ಟೋ ಸಲ ಅದೇ ಕಾಣುತ್ತೆ.

ಗುಬ್ಬಿಗೂಡು
ಒಂದು ಪುಟಕ್ಕೆ ಎಂಟು ಹತ್ತು ಪೋಸ್ಟ್ ಸಾಕು. ಕೆಳಗೆ 'ಹಳೆಯ ಬರಹಗಳು' ಅಂತ ಲಿಂಕ್ ಇಡಿ. ಸ್ಕ್ರೋಲ್ ಮಾಡಿದಷ್ಟೂ ತಾನಾಗಿ ಬರುತ್ತಲೇ ಇರುವ ಥರ ಮಾಡಬೇಡಿ.

ಪಿಕ್ಸೆಲ್‌ಪುಟ್ಟ
ಯಾಕೆ? ಫೋಟೋ ಬ್ಲಾಗ್‌ಗೆ ಅದೇ ಚೆಂದ ಅಲ್ವಾ?

ಗುಬ್ಬಿಗೂಡು
ಹಳೇಬ್ಲಾಗರ್ ಅವರು ಹೇಳಿದ ಆರ್‌ಎಸ್‌ಎಸ್ ಲಿಂಕ್ ಫೂಟರ್‌ನಲ್ಲಿದೆ ತಾನೇ? ಫೂಟರ್ ಹಿಡಿಯಲು ಹೋದಾಗಲೆಲ್ಲ ಇನ್ನೂ ಹತ್ತು ಪೋಸ್ಟ್ ಬಂದು ಅದನ್ನು ಕೆಳಗೆ ತಳ್ಳುತ್ತೆ. ಒಂದು ಪೋಸ್ಟ್ ಓದಿ ವಾಪಸ್ ಬಂದರೆ ಎಲ್ಲಿದ್ದೆವು ಅನ್ನುವುದೂ ಎಷ್ಟೋ ಸಲ ತಪ್ಪಿಹೋಗುತ್ತೆ.

ಪಿಕ್ಸೆಲ್‌ಪುಟ್ಟ
ಸರಿ, ಒಪ್ಪಿದೆ. ಹಾಗಾದರೆ ಹುಡುಕುವ ಪೆಟ್ಟಿಗೆಯನ್ನೂ ಫೂಟರ್‌ಗೇ ಹಾಕಲಿ. ಹತ್ತು ಬರಹಕ್ಕೆ ಮೇಲ್ಗಡೆ ಹುಡುಕಾಟ ಯಾಕೆ?

ಹಳೇಬ್ಲಾಗರ್
ಹುಡುಕಾಟ ಮೇಲೆಯೇ ಇರಲಿ. ಹಕ್ಕಿ ಬ್ಲಾಗ್ ಅಲ್ವಾ, ಜನ ಹೆಸರು ಹಿಡಿದೇ ಬರುತ್ತಾರೆ.